ನೀತಿ ಕೇಳದೆ ಕಥೆ ಓದುವುದು, ಅರ್ಥ ಹೇಳದೆ ಚಿತ್ರ ನೋಡುವುದು

ನಮ್ಮ ಶಾಲೆಗಳಲ್ಲಿ ಕಥೆ ಮುಗಿದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ: "ಈ ಕಥೆಯ ನೀತಿ ಏನು?" ಮಕ್ಕಳೂ ಅದಕ್ಕೆ ಸಿದ್ಧರಾಗಿಯೇ ಕೂತಿರುತ್ತಾರೆ. ಸುಳ್ಳು ಹೇಳಬಾರದು, ಹಂಚಿಕೊಂಡು ತಿನ್ನಬೇಕು, ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಉತ್ತರಗಳು ಒಕ್ಕೊರಲಿನಲ್ಲಿ ಬರುತ್ತವೆ. ಸ್ವಲ್ಪ ಹೊತ್ತಿನ ನಂತರ ಅದೇ ಮಕ್ಕಳು ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡು ಒಬ್ಬರನ್ನೊಬ್ಬರು ನೂಕಾಡುತ್ತಾರೆ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನೀತಿಯ ವಾಕ್ಯ ಬಾಯಿಗೆ ಬರುವುದು ಒಂದು. ಪಕ್ಕದಲ್ಲಿ ಕೂತವನ ಮುಖ ನೋಡಿ ಅವನಿಗೆ ಏನಾಗುತ್ತಿದೆ ಎಂದು ತಿಳಿಯುವುದು, ತನ್ನ ಸರದಿ ಬರುವವರೆಗೆ ತಡೆದುಕೊಳ್ಳುವುದು, ಬೇಕಾದದ್ದನ್ನು ಕಿತ್ತುಕೊಳ್ಳದೆ ಕೇಳುವುದು, ಎದುರಿನವರು ಕೊಡುವುದಿಲ್ಲ ಎಂದಾಗ ಅದನ್ನು ಸಹಿಸುವುದು ಇನ್ನೊಂದು. ಮೊದಲನೆಯದು ಕಂಠಪಾಠದಿಂದ ಬರುತ್ತದೆ. ಎರಡನೆಯದು ಬರುವುದು ಮತ್ತೆ ಮತ್ತೆ ಮಾಡಿದಾಗ ಮಾತ್ರ, ಮತ್ತು ಅದಕ್ಕೆ ಮಕ್ಕಳು ಕೂಡಿ ಮಾಡುವಂಥ ಒಂದು ಕೆಲಸ ಬೇಕು.

ಆ ಕೆಲಸ ಚಿತ್ರಪುಸ್ತಕ ನೋಡುವುದೂ ಚಿತ್ರ ಬಿಡಿಸುವುದೂ ಆಗಬಹುದು ಎಂಬುದು ನನ್ನ ಅನುಭವ. ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಒಂದರಿಂದ ಐದನೆಯ ತರಗತಿಯ ಮಕ್ಕಳ ಜೊತೆ ನಾನು ಈ ಕೆಲಸ ಮಾಡುತ್ತಾ ಬಂದಿದ್ದೇನೆ. ಶುರುವಾದದ್ದು ಕೋವಿಡ್ ನಂತರ. ಕರ್ನಾಟಕದಲ್ಲಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ಪ್ರಾಥಮಿಕ ತರಗತಿಗಳು ಒಂದರಿಂದ ಐದನೆಯವರೆಗಿನ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂಗನವಾಡಿಯನ್ನೂ ಸರಿಯಾಗಿ ನೋಡದೆ ನೇರವಾಗಿ ಎರಡನೆಯ ತರಗತಿಗೆ ಬಂದು ಕೂತ ಮಕ್ಕಳು ಆಗ ಎಲ್ಲ ಕಡೆಯೂ ಇದ್ದರು. ಅವರಿಗೆ ಅಕ್ಷರ ಬಾರದಿರುವುದು ಎಲ್ಲರಿಗೂ ಕಂಡಿತು, ಅದಕ್ಕೆ ಕಲಿಕಾ ಚೇತರಿಕೆಯ ಕಾರ್ಯಕ್ರಮಗಳೂ ಬಂದವು. ಒಂದೇ ಚಾಪೆಯ ಮೇಲೆ ಇನ್ನೊಬ್ಬರ ಮೊಣಕಾಲು ತಾಗಿಸಿಕೊಂಡು ಕೂರುವುದು ಹೇಗೆ ಎಂಬುದು ಅವರಿಗೆ ತಿಳಿಯದೇ ಇದ್ದದ್ದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾನು ಶಿಕ್ಷಕಿಯ ತರಬೇತಿ ಪಡೆದವಳೇ ಹೊರತು ಚಿಕಿತ್ಸಕಿಯಲ್ಲ. ಕಲಾ ಚಿಕಿತ್ಸೆ ಅಥವಾ ಆರ್ಟ್ ಥೆರಪಿ ಎಂಬುದು ಪ್ರತ್ಯೇಕವಾದ ಒಂದು ವೃತ್ತಿ. ಬ್ರಿಟನ್‌ನಲ್ಲಿ ಆ ಹೆಸರನ್ನು ಬಳಸಲು ನಿಗದಿತ ಶಿಕ್ಷಣವೂ ಸರ್ಕಾರಿ ನೋಂದಣಿಯೂ ಬೇಕು. ತೀವ್ರವಾದ ಆಘಾತಕ್ಕೆ ಒಳಗಾದ ಮಗುವಿಗೆ ಬೇಕಾದದ್ದು ಅಂಥ ತರಬೇತಿ ಪಡೆದವರು. ಆದರೆ ಆ ವೃತ್ತಿ ಕಂಡುಕೊಂಡ ಕೆಲವು ವಿಧಾನಗಳು, ಅದಕ್ಕಿಂತ ಹೆಚ್ಚಾಗಿ ಅದು ದೊಡ್ಡವರಿಗೆ ಹಾಕುವ ಸಂಯಮ, ಯಾವುದೇ ತರಗತಿಗೂ ಗ್ರಂಥಾಲಯಕ್ಕೂ ಅಂಗನವಾಡಿಗೂ ಒದಗುತ್ತವೆ. ನಾನು ಬರೆಯುತ್ತಿರುವುದು ಅಷ್ಟರ ಬಗ್ಗೆ.

ಮಾತು ಕಡಿಮೆಯಿರುವ ಮಗುವನ್ನು ಎದುರಿಗೆ ಕೂರಿಸಿಕೊಂಡು, "ಯಾಕೆ ಹೊಡೆದೆ? ನಿನಗೆ ಯಾರ ಮೇಲೆ ಸಿಟ್ಟು?" ಎಂದು ಕೇಳಿದರೆ ಅದು ನೆಲ ನೋಡುತ್ತದೆ. ಅದೇ ಮಗು ಪಕ್ಕದಲ್ಲಿ ಕೂತು ಪುಸ್ತಕದ ಪುಟವನ್ನು ನೋಡುವಾಗ, ಚಿತ್ರದಲ್ಲಿರುವ ಹುಡುಗ ಯಾಕೆ ಹೊಡೆದ ಎಂಬುದರ ಬಗ್ಗೆ ಬಹಳಷ್ಟು ಹೇಳುತ್ತದೆ. ಇಬ್ಬರೂ ಪರಸ್ಪರ ನೋಡದೆ ಮೂರನೆಯದೊಂದನ್ನು ನೋಡುತ್ತಿರುವಾಗ ಮಾತಿನ ಭಾರ ಇಳಿಯುತ್ತದೆ. ಹೇಳಿದ್ದು ತನ್ನ ಬಗ್ಗೆ ಎಂದು ಒಪ್ಪಿಕೊಳ್ಳಬೇಕಾದ ಒತ್ತಾಯ ಇರುವುದಿಲ್ಲ. ಚಿತ್ರಪುಸ್ತಕಕ್ಕೂ ಬಿಳಿ ಹಾಳೆಗೂ ಸಮಾನವಾಗಿರುವ ಗುಣ ಇದೇ. ಮಕ್ಕಳ ನಡುವೆ, ಮಗು ಮತ್ತು ದೊಡ್ಡವರ ನಡುವೆ, ಎರಡೂ ಕಡೆಯವರು ಕಣ್ಣಿಡಬಹುದಾದ ಒಂದು ವಸ್ತುವಾಗಿ ಅವು ನಿಲ್ಲುತ್ತವೆ. ಆ ವಸ್ತುವನ್ನು ನಾವು ನೀತಿಪಾಠಕ್ಕೋ ಪರೀಕ್ಷೆಗೋ ತಿರುಗಿಸಿದ ಕ್ಷಣ ಅದರ ಈ ಶಕ್ತಿ ಹೋಗುತ್ತದೆ.

ಒಂದು ಶನಿವಾರ ನಾವು ನೋಡುತ್ತಿದ್ದ ಪುಟದಲ್ಲಿ ಒಂದು ಬೀದಿನಾಯಿ ಹಲ್ಲು ಕಿರಿದು ನಿಂತಿತ್ತು. ಬರಹ ಇರಲಿಲ್ಲ, ಚಿತ್ರ ಮಾತ್ರ. ಮೂರನೆಯ ತರಗತಿಯ ಒಬ್ಬ ಹುಡುಗ ಹೇಳಿದ: "ಅಕ್ಕೋರ, ನಾಯಿಗೆ ಸಿಟ್ಟ ಬಂದೈತ್ರೀ, ಕಡೀತೈತಿ." ಪಕ್ಕದಲ್ಲಿದ್ದ ಹುಡುಗಿ ಒಪ್ಪಲಿಲ್ಲ. "ಅದು ಅಂಜೈತಿ. ಬಾಲ ನೋಡು, ಕಾಲಾಗ ಸಿಕ್ಕಿಸ್ಕೊಂಡೈತಿ." ಹುಡುಗ ಬಿಡಲಿಲ್ಲ: "ಅಂಜಿದ್ರ ಓಡಿ ಹೋಗ್ಬೇಕಾಗಿತ್ತಲ್ಲ?" ಆಗ ಹಿಂದಿನಿಂದ ಇಣುಕುತ್ತಿದ್ದ ಸಣ್ಣವನೊಬ್ಬ ಹೇಳಿದ: "ಎಲ್ಲಿ ಓಡಬೇಕು, ಹಿಂದ ಗ್ವಾಡಿ ಐತಿ." ಮೂವರೂ ಪುಸ್ತಕದ ಮೇಲೆ ಬಾಗಿದರು. ನಾಯಿಯ ಹಿಂದೆ ನಿಜವಾಗಿಯೂ ಗೋಡೆ ಇತ್ತು, ಅದನ್ನು ನಾನೂ ಗಮನಿಸಿರಲಿಲ್ಲ. ಆಮೇಲೆ ಮಾತು ಹುಚ್ಚುನಾಯಿಯ ಕಡೆಗೂ, ಊರಿನ ನಾಯಿಗಳು ರಾತ್ರಿ ಎಲ್ಲಿ ಮಲಗುತ್ತವೆ ಎಂಬ ಕಡೆಗೂ ಹರಿಯಿತು. ಅಂಜಿದವರೂ ಹಲ್ಲು ಕಿರಿಯುತ್ತಾರೆ ಎಂಬ ನೀತಿಯನ್ನು ಯಾರೂ ಹೇಳಲಿಲ್ಲ, ನಾನೂ ಹೇಳಿಸಲಿಲ್ಲ. ಒಂದೇ ಜೋಡಿ ಹಲ್ಲುಗಳನ್ನು ನೋಡಿ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು, ತೀರ್ಮಾನಕ್ಕೆ ಆಧಾರ ತೋರಿಸಬೇಕು, ಇನ್ನೊಬ್ಬರು ತೋರಿಸಿದ ಆಧಾರವನ್ನು ಕತ್ತು ಬಾಗಿಸಿ ನೋಡಬೇಕು ಎಂಬುದನ್ನು ಅವರು ಆ ಹೊತ್ತಿನಲ್ಲಿ ಮಾಡಿದರು. ಸಾಮಾಜಿಕ ಕೌಶಲವೆಂದು ನಾವು ದೊಡ್ಡ ಹೆಸರಿನಿಂದ ಕರೆಯುವುದು ಬಹುಮಟ್ಟಿಗೆ ಇದನ್ನೇ.

ಇನ್ನೊಬ್ಬರ ಮನಸ್ಸಿನಲ್ಲಿ ಇರುವುದು ನನ್ನ ಮನಸ್ಸಿನಲ್ಲಿ ಇರುವುದಕ್ಕಿಂತ ಬೇರೆಯಾಗಿರಬಹುದು ಎಂಬ ಅರಿವು ಮಕ್ಕಳಿಗೆ ಹುಟ್ಟಿನಿಂದ ಬಂದಿರುವುದಿಲ್ಲ. ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ಎಂಬ ಮನೋವಿಜ್ಞಾನಿಗಳು 1983ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸರಳವಾಗಿ ತೋರಿಸಿತು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ. ಅವನಿಲ್ಲದಾಗ ಅವನ ತಾಯಿ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ. ಮರಳಿ ಬಂದ ಮ್ಯಾಕ್ಸಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಚಾಕೊಲೇಟ್ ಈಗ ಇರುವ ಕಪಾಟನ್ನೇ ತೋರಿಸುತ್ತಾರೆ, ಏಕೆಂದರೆ ತಮಗೆ ಗೊತ್ತಿರುವುದು ಮ್ಯಾಕ್ಸಿಗೂ ಗೊತ್ತಿದೆ ಎಂದೇ ಅವರ ಭಾವನೆ. ನಾಲ್ಕರಿಂದ ಆರು ವರ್ಷದ ನಡುವೆ ಬಹುಪಾಲು ಮಕ್ಕಳಿಗೆ ಸರಿಯುತ್ತರ ಹೊಳೆಯತೊಡಗುತ್ತದೆ.

ಒಳ್ಳೆಯ ಚಿತ್ರಪುಸ್ತಕಗಳು ಈ ಅರಿವಿಗೆ ಪುಟಪುಟದಲ್ಲೂ ಅಭ್ಯಾಸ ಕೊಡುತ್ತವೆ, ಏಕೆಂದರೆ ಅವುಗಳಲ್ಲಿ ಮಾತು ಒಂದನ್ನು ಹೇಳಿದರೆ ಚಿತ್ರ ಇನ್ನೊಂದನ್ನು ತೋರಿಸುತ್ತದೆ. ಪ್ಯಾಟ್ ಹಚಿನ್ಸ್ 1968ರಲ್ಲಿ ಇಂಗ್ಲಿಷಿನಲ್ಲಿ ಮಾಡಿದ 'ರೋಸೀಸ್ ವಾಕ್' ಪುಸ್ತಕದಲ್ಲಿ ಕೋಳಿಯೊಂದು ಹೊಲಮನೆಯ ಸುತ್ತ ಅಡ್ಡಾಡಿ ಊಟದ ಹೊತ್ತಿಗೆ ಮರಳುತ್ತದೆ ಎಂಬಷ್ಟೇ ಮಾತಿದೆ. ಅದರ ಬೆನ್ನ ಹಿಂದೆಯೇ ಹೊಂಚು ಹಾಕಿ ಬರುತ್ತಿರುವ ನರಿಯ ಹೆಸರೇ ಬರಹದಲ್ಲಿ ಬರುವುದಿಲ್ಲ. ಕೋಳಿಗೆ ಗೊತ್ತಿಲ್ಲ, ನನಗೆ ಗೊತ್ತು ಎಂಬ ಸಂಕಟದಲ್ಲೂ ಸಂಭ್ರಮದಲ್ಲೂ ಮಗು ಪುಟ ತಿರುಗಿಸುತ್ತದೆ. ಪಠ್ಯಪುಸ್ತಕದ ಚಿತ್ರಗಳು ಹೆಚ್ಚಾಗಿ ಈ ಕೆಲಸ ಮಾಡುವುದಿಲ್ಲ. ಬರಹದಲ್ಲಿ ಹಸು ಎಂದಿದ್ದರೆ ಚಿತ್ರದಲ್ಲೂ ಹಸು ನಿಂತಿರುತ್ತದೆ, ಮಗು ತಾನಾಗಿ ಕಂಡುಹಿಡಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಪುಸ್ತಕ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ: ಬರಹದಲ್ಲಿ ಇಲ್ಲದ ಏನಾದರೂ ಚಿತ್ರದಲ್ಲಿ ಇದೆಯೇ?

ಓದುವ ರೀತಿಯೂ ಅಷ್ಟೇ ಮುಖ್ಯ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ವಿವರಿಸಿದ ಸಂವಾದದ ಓದು ಎಂಬ ಕ್ರಮದಲ್ಲಿ ದೊಡ್ಡವರು ಕಥೆ ಹೇಳುವವರಾಗಿ ಇರದೆ ಮೆಲ್ಲಮೆಲ್ಲನೆ ಕೇಳುವವರಾಗುತ್ತಾರೆ, ಕಥೆ ಹೇಳುವ ಕೆಲಸ ಮಗುವಿನ ಪಾಲಿಗೆ ಬರುತ್ತದೆ. ಅವರು ಅಳೆದದ್ದು ಭಾಷೆಯ ಬೆಳವಣಿಗೆಯನ್ನು, ಸಾಮಾಜಿಕ ನಡವಳಿಕೆಯನ್ನಲ್ಲ. ಆದರೆ ಒಂದು ಪುಸ್ತಕಕ್ಕೆ ನಾಲ್ಕೈದು ಮಕ್ಕಳನ್ನು ಕೂರಿಸಿ ಇದೇ ಕ್ರಮವನ್ನು ಅನುಸರಿಸಿದರೆ, ಮಾತಿನ ಸರದಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಸೇರಿಸುವುದು, ಒಪ್ಪದಿದ್ದರೂ ಬೈಯದೆ ಇರುವುದು ಇವೆಲ್ಲವೂ ಓದಿನ ಒಳಗೇ ಬರುತ್ತವೆ. ನಾನು ಕೇಳುವ ಪ್ರಶ್ನೆಗಳು ಕೆಲವೇ. ಇಲ್ಲಿ ಏನು ನಡೆಯುತ್ತಿದೆ? ಹಾಗೆಂದು ನಿನಗೆ ಯಾವುದರಿಂದ ಗೊತ್ತಾಯಿತು? ಬೇರೆ ಯಾರಿಗಾದರೂ ಬೇರೆ ರೀತಿ ಕಾಣುತ್ತಿದೆಯೇ? ಮೊದಲನೆಯ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ಮಕ್ಕಳು ಪರಸ್ಪರರ ಕಡೆಗೆ ತಿರುಗುವುದು ಮೂರನೆಯ ಪ್ರಶ್ನೆಯಿಂದ, ಮತ್ತು ಅದನ್ನು ಕೇಳಿದ ಮೇಲೆ ಸುಮ್ಮನೆ ಕಾಯುವ ತಾಳ್ಮೆ ದೊಡ್ಡವರಿಗೆ ಇರಬೇಕು.

ಇನ್ನು ಚಿತ್ರ ಬಿಡಿಸುವ ಭಾಗ. ಆರ್ಟ್ ಥೆರಪಿ ಎಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಚಿತ್ರಕಾರ. ಕ್ಷಯರೋಗದ ಆರೋಗ್ಯಧಾಮದಲ್ಲಿ ಹಾಸಿಗೆ ಹಿಡಿದಿದ್ದಾಗ ಚಿತ್ರ ಬಿಡಿಸುವುದರಿಂದ ತಮಗಾದ ಉಪಕಾರವನ್ನು ಕಂಡು ಬೇರೆ ರೋಗಿಗಳಿಗೂ ಅದನ್ನು ಹಬ್ಬಿಸಿದವರು. ಆದರೆ ಮಕ್ಕಳ ವಿಷಯಕ್ಕೆ ಬಂದರೆ ನನ್ನ ಮನಸ್ಸು ಹೋಗುವುದು ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರ ಕಡೆಗೆ. ವಿಯೆನ್ನಾದಲ್ಲಿ ಹುಟ್ಟಿ, ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಈ ಕಲಾವಿದೆಯನ್ನು ನಾಜಿಗಳು 1942ರ ಡಿಸೆಂಬರ್‌ನಲ್ಲಿ ಪ್ರಾಗ್ ಹತ್ತಿರದ ಟೆರೆಜಿನ್ ಬಂಧನಶಿಬಿರಕ್ಕೆ ಸಾಗಿಸಿದರು. ಅಲ್ಲಿ ಅವರು ತಂದೆತಾಯಿಯರಿಂದ ಬೇರೆಯಾಗಿ ವಾಸಿಸುತ್ತಿದ್ದ ಮಕ್ಕಳಿಗೆ ಗುಟ್ಟಾಗಿ ಚಿತ್ರಕಲೆ ಕಲಿಸಿದರು. ಕಾಗದ ಸಿಗುತ್ತಿರಲಿಲ್ಲ, ಕಚೇರಿಯಲ್ಲಿ ಬಳಸಿ ಎಸೆದ ನಮೂನೆಗಳ ಹಿಂಬದಿಯಲ್ಲಿ ಮಕ್ಕಳು ಹೂ, ಚಿಟ್ಟೆ, ಮನೆ, ಶಿಬಿರದ ಮೂರಂತಸ್ತಿನ ಮಂಚಗಳನ್ನು ಬಿಡಿಸಿದರು. 1944ರ ಅಕ್ಟೋಬರ್‌ನಲ್ಲಿ ಆಶ್ವಿಟ್ಜ್‌ಗೆ ಸಾಗಿಸಲ್ಪಟ್ಟು ಡಿಕರ್-ಬ್ರಾಂಡೈಸ್ ಕೊಲ್ಲಲ್ಪಟ್ಟರು. ಹೋಗುವ ಮುನ್ನ ಎರಡು ಸೂಟ್‌ಕೇಸ್‌ಗಳಲ್ಲಿ ತುಂಬಿ ಬಚ್ಚಿಟ್ಟ ಸುಮಾರು 4,500 ಚಿತ್ರಗಳು ಇಂದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಅನೇಕ ಚಿತ್ರಗಳ ಮೇಲೆ ಬಿಡಿಸಿದ ಮಗುವಿನ ಹೆಸರಿದೆ. ಆ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ.

ಡಿಕರ್-ಬ್ರಾಂಡೈಸ್ ಅವರ ಶಿಷ್ಯೆ ಈಡಿತ್ ಕ್ರೇಮರ್ 1938ರಲ್ಲಿ ಅಮೆರಿಕಕ್ಕೆ ಹೋದರು. 1950ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ವಿಲ್ಟ್‌ವಿಕ್ ಎಂಬ ವಸತಿಶಾಲೆಯಲ್ಲಿ, ಕಷ್ಟದ ಮನೆಗಳಿಂದ ಬಂದ, ಸಿಟ್ಟಿನ ಮಕ್ಕಳೆಂದು ಹೆಸರಾದ ಹುಡುಗರ ಜೊತೆ ಕೆಲಸ ಮಾಡಿದರು. ಚಿಕಿತ್ಸಕರಿಗೆ ಮೂರನೆಯ ಕೈ ಒಂದು ಇರಬೇಕು ಎಂದು ಅವರು ಹೇಳುತ್ತಿದ್ದರು: ಮಗುವಿನ ಕೆಲಸಕ್ಕೆ ನೆರವಾಗುವ, ಆದರೆ ತನ್ನ ಗುರುತನ್ನೂ ತನ್ನ ರುಚಿಯನ್ನೂ ಅದರ ಮೇಲೆ ಹೇರದ ಕೈ. ಬಣ್ಣ ಒಣಗುತ್ತಿದ್ದರೆ ನೀರು ತಂದಿಡುವುದು, ಮಣ್ಣಿನ ಆನೆಯ ಕಾಲು ಕುಸಿಯುವ ಮೊದಲು ಒಂದು ಆಸರೆ ಕೊಡುವುದು ಆ ಕೈಯ ಕೆಲಸ. ಆನೆ ಹೀಗಿರಬೇಕು ಎಂದು ತಿದ್ದುವುದಲ್ಲ. ನಮ್ಮ ಕಡೆ ಚಿತ್ರಕಲೆಯೆಂದರೆ ಕಪ್ಪುಹಲಗೆಯ ಮೇಲೆ ಬಿಡಿಸಿದ ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಒಂದು ತೆಂಗಿನಮರ ಎಂದು ಒಪ್ಪಿಕೊಂಡು ಬಿಟ್ಟಿದ್ದೇವೆ. ಆ ಗುಡ್ಡಗಳನ್ನು ಕಂಡರೆ ನನಗೆ ನಿಜವಾಗಿಯೂ ನೋವಾಗುತ್ತದೆ, ಏಕೆಂದರೆ ನಮ್ಮ ಬಯಲುಸೀಮೆಯ ಕಡೆ ಅಂಥ ಗುಡ್ಡವೂ ಇಲ್ಲ, ಅದನ್ನು ಬಿಡಿಸಿದ ಮಗುವೂ ಆ ಹಾಳೆಯಲ್ಲಿಲ್ಲ.

ಮೇಣದ ಬಳಪದ ಒಂದು ಡಬ್ಬಿಯನ್ನು ನಾನು ಬೇಕೆಂದೇ ನಾಲ್ಕು ಮಕ್ಕಳಿಗೆ ಕೊಡುತ್ತೇನೆ. ತಲೆಗೊಂದು ಡಬ್ಬಿ ಇದ್ದರೆ ಯಾರೂ ಯಾರನ್ನೂ ಏನೂ ಕೇಳಬೇಕಾಗುವುದಿಲ್ಲ. ಒಮ್ಮೆ ಎರಡನೆಯ ತರಗತಿಯ ಒಬ್ಬ ಹುಡುಗ ಹಾಳೆ ತುಂಬ ಕಪ್ಪು ಬಳಿದ. ಗ್ರಂಥಾಲಯ ನೋಡಲು ಬಂದಿದ್ದವರೊಬ್ಬರು ಅದನ್ನು ಕಂಡು, ಈ ಮಗುವಿನ ಮನಸ್ಸಿನಲ್ಲಿ ಏನೋ ದುಃಖವಿದೆ ಎಂದು ತುಂಬ ಕಳಕಳಿಯಿಂದ ಹೇಳಿದರು. ಡಬ್ಬಿ ಇದ್ದದ್ದು ಆ ಹುಡುಗನಿಂದ ದೂರದ ಬದಿಗೆ. ಅವನ ಕೈಗೆ ಸಿಕ್ಕದ್ದು ಉರುಳಿ ಬಂದ ಕಪ್ಪು ಬಳಪವೊಂದೇ. ಬೇರೆ ಬಣ್ಣ ಬೇಕೆಂದು ಅವನು ಕೇಳಲಿಲ್ಲ. ಆ ಹಾಳೆಯಲ್ಲಿ ನಿಜವಾಗಿ ಗಮನಿಸಬೇಕಾಗಿದ್ದದ್ದು ಬಣ್ಣವನ್ನಲ್ಲ, ಕೇಳದೆ ಇದ್ದದ್ದನ್ನು. ಮುಂದಿನ ವಾರಗಳಲ್ಲಿ ಡಬ್ಬಿಯ ಉಸ್ತುವಾರಿ ಅವನಿಗೇ ಬಂತು. ಯಾರಿಗೆ ಯಾವ ಬಣ್ಣ ಬೇಕಾದರೂ ಅವನನ್ನೇ ಕೇಳಬೇಕು. ಮೊದಮೊದಲು ಅವನು ತಲೆಯಾಡಿಸಿ ಎತ್ತಿ ಕೊಡುತ್ತಿದ್ದ. ಆಮೇಲೆ, ಕೊಟ್ಟದ್ದು ಮರಳಿ ಬಾರದಿದ್ದಾಗ, "ಹಸರ ಯಾರ ಕಡೆ ಐತಿ? ಇತ್ಲಾಗ ಕೊಡ್ರಿ" ಎಂಬ ಮಾತು ಬಂತು. ಅದು ಅವನು ಗುಂಪಿಗೆ ಆಡಿದ, ನನಗೆ ಕೇಳಿಸಿದ ಮೊದಲ ಮಾತು.

ಚಿತ್ರದಿಂದ ಮಗುವಿನ ಒಳಗನ್ನು ಓದಿಬಿಡಬಹುದು ಎಂಬ ಆಸೆ ಹಳೆಯದು. ಫ್ಲಾರೆನ್ಸ್ ಗುಡ್‌ಎನಫ್ 1926ರಲ್ಲಿ ಮನುಷ್ಯನ ಚಿತ್ರ ಬಿಡಿಸಲು ಹೇಳಿ ಬುದ್ಧಿಮಟ್ಟ ಅಳೆಯುವ ಪರೀಕ್ಷೆಯನ್ನು ರೂಪಿಸಿದರು. ಪ್ರಮಿಳಾ ಫಾಟಕ್ ಅದನ್ನು ಭಾರತದ ಮಕ್ಕಳಿಗೆ ಅಳವಡಿಸಿದರು. ಆ ಪರೀಕ್ಷೆಗಳಿಗೆ ನಿಶ್ಚಿತವಾದ ಕ್ರಮವೂ ಮಿತಿಯೂ ಇವೆ. ಈಗ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ, ಕೆಂಪು ಎಂದರೆ ಸಿಟ್ಟು, ಕಿಟಕಿಯಿಲ್ಲದ ಮನೆಯೆಂದರೆ ಒಂಟಿತನ ಎಂಬ ಪಟ್ಟಿಗಳಿಗೆ ಯಾವ ಮಿತಿಯೂ ಇಲ್ಲ, ಆಧಾರವೂ ಇಲ್ಲ. ನನ್ನ ನಿಲುವು ಕಟ್ಟುನಿಟ್ಟಾದದ್ದು: ಮಗುವಿನ ಚಿತ್ರದ ಅರ್ಥವನ್ನು ಮಗುವಿಗೆ ಹೇಳುವ ಹಕ್ಕು ನಮಗಿಲ್ಲ. "ಇದರ ಬಗ್ಗೆ ಹೇಳುತ್ತೀಯಾ?" ಎಂದು ಕೇಳಬಹುದು. ಹೇಳದಿದ್ದರೆ ಅದೂ ಸರಿ.

ಎಲ್ಲಕ್ಕಿಂತ ಹೆಚ್ಚು ಕಲಿಕೆ ನಡೆಯುವುದು ಒಂದೇ ದೊಡ್ಡ ಹಾಳೆಯ ಮೇಲೆ ಹಲವರು ಬಿಡಿಸುವಾಗ. ನಾಲ್ಕು ಚಾರ್ಟ್ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿ, ಸುತ್ತ ಮಕ್ಕಳನ್ನು ಕೂರಿಸಿ, ನಮ್ಮ ಊರು ಬಿಡಿಸಿ ಎಂದಷ್ಟೇ ಹೇಳುತ್ತೇನೆ. ಮೊದಲು ಪ್ರತಿಯೊಬ್ಬರೂ ತಮ್ಮ ಮುಂದಿನ ಜಾಗದಲ್ಲಿ ತಮ್ಮ ಮನೆ ಬಿಡಿಸುತ್ತಾರೆ. ಹಾಳೆ ತುಂಬುತ್ತಾ ಬಂದಂತೆ ಗಡಿಗಳು ತಾಗುತ್ತವೆ, ತಕರಾರು ಶುರುವಾಗುತ್ತದೆ. ಹೀಗೊಮ್ಮೆ ಒಬ್ಬ ಹುಡುಗಿ ಜೋಳದ ಹೊಲವನ್ನು ಒಂದೊಂದು ತೆನೆ ಸಹಿತ ಬಿಡಿಸಿದ್ದಳು. ಎದುರಿನ ಹುಡುಗ ತನ್ನ ಮನೆಯಿಂದ ಕೆರೆಗೆ ಹೋಗುವ ದಾರಿಯನ್ನು ಅದರ ನಡುವೆಯೇ ಎಳೆಯತೊಡಗಿದ. "ನಮ್ಮ ಹೊಲದಾಗ ದಾರಿ ಬಿಡೂದಿಲ್ಲ!" ಎಂದಳು ಅವಳು, ಅಂಗೈಯನ್ನು ಹಾಳೆಯ ಮೇಲೆ ಅಡ್ಡ ಇಟ್ಟು. "ಹಂಗಾದ್ರ ನಮ್ಮ ಎತ್ತು ನೀರ ಕುಡಿಯಾಕ ಎಲ್ಲಿಂದ ಹೋಗಬೇಕು?" ಎಂದ ಅವನು. ಹೊಲದ ದಾರಿಗಾಗಿ ಅಣ್ಣತಮ್ಮಂದಿರು ತಹಶೀಲ್ದಾರರ ಕಚೇರಿ ಹತ್ತುವುದನ್ನು ನೋಡುತ್ತಾ ಬೆಳೆಯುವ ಮಕ್ಕಳಿಗೆ ಇದು ಆಟದ ಜಗಳವಾಗಿರಲಿಲ್ಲ, ಇಬ್ಬರ ಮುಖವೂ ಕೆಂಪಾಗಿತ್ತು. ಮೇಣದ ಬಳಪದ ಗೆರೆಯನ್ನು ಅಳಿಸಲು ಬರುವುದಿಲ್ಲವಾದ್ದರಿಂದ ಎಳೆದದ್ದನ್ನು ಅಳಿಸು ಎಂಬ ತೀರ್ಪೂ ಸಾಧ್ಯವಿರಲಿಲ್ಲ. ನಾನು ಕೂತಲ್ಲಿಂದ ಏಳಲಿಲ್ಲ. ಐದನೆಯ ತರಗತಿಯ ಒಬ್ಬಳು ನಡುವೆ ಬಂದು, "ಬದುವಿನ ಗುಂಟ ಹೋಗ್ರಿ, ಬೆಳಿ ತುಳೀಬ್ಯಾಡ್ರಿ" ಎಂದಳು. ಹೊಲದವಳು ಸ್ವಲ್ಪ ಹೊತ್ತು ಯೋಚಿಸಿ ಕೈ ತೆಗೆದಳು, ಆದರೆ ಷರತ್ತು ಹಾಕಿ: "ಚಕ್ಕಡಿ ಬಿಡ್ತೇನಿ, ಟ್ರ್ಯಾಕ್ಟರ್ ಬಿಡೂದಿಲ್ಲ." ಅವನು ದಾರಿಯನ್ನು ಬದುವಿನ ಮೇಲೆ ಬಾಗಿಸಿ ಎಳೆದ. ಮೊದಲು ಎಳೆದಿದ್ದ ತುಂಡು ದಾರಿಯನ್ನು ಅವಳೇ ಒಂದು ಬೆದರುಬೊಂಬೆಯಾಗಿ ಮಾಡಿದಳು.

ದೊಡ್ಡವರು ಒಳಗೆ ಬರಬೇಕಾದ ಹೊತ್ತೂ ಇರುತ್ತದೆ. ಕೈಯೇಳುವಾಗ, ಒಬ್ಬರನ್ನೇ ಎಲ್ಲರೂ ಗುರಿ ಮಾಡುವಾಗ, ಜಾತಿಯ ಹೆಸರೋ ಮೈಬಣ್ಣವೋ ಬೈಗುಳವಾಗಿ ಬರುವಾಗ ಕಾಯಬಾರದು, ಅಲ್ಲಿಯೇ ನಿಲ್ಲಿಸಬೇಕು. ಊರಿನ ಚಿತ್ರದಲ್ಲಿ ಯಾರ ಕೇರಿ ಹಾಳೆಯ ಯಾವ ಮೂಲೆಗೆ ಹೋಗುತ್ತದೆ ಎಂಬುದು ಮಕ್ಕಳಿಗೆ ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಅರ್ಧ ಹೊತ್ತು ಕಳೆದ ಮೇಲೆ ಮಕ್ಕಳೆಲ್ಲ ಎದ್ದು ಎದುರು ಬದಿಗೆ ಹೋಗಿ, ಇನ್ನೊಬ್ಬರು ಬಿಡಿಸಿದ್ದಕ್ಕೆ ಏನಾದರೂ ಸೇರಿಸಬೇಕು ಎಂಬ ನಿಯಮವನ್ನು ಇಟ್ಟುಕೊಂಡಿದ್ದೇನೆ. ಸೇರಿಸುವ ಮೊದಲು ಬಿಡಿಸಿದವರನ್ನು ಕೇಳಬೇಕು. ಬೇರೆಯವರ ಮನೆಯ ಮುಂದೆ ರಂಗೋಲಿ ಹಾಕಬಹುದೇ ಎಂದು ಒಂದು ಮಗು ಕೇಳುವಾಗ ಅಲ್ಲಿ ನಡೆಯುತ್ತಿರುವುದು ಚಿತ್ರಕಲೆಯಷ್ಟೇ ಅಲ್ಲ.

ಇಬ್ಬರೇ ಮಾಡುವ ಚಟುವಟಿಕೆಯೂ ಒಂದಿದೆ. ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ತಮ್ಮ ಬಳಿ ಬಂದ ಮಕ್ಕಳ ಜೊತೆ ಗೀಚುವ ಆಟ ಆಡುತ್ತಿದ್ದರು: ಇವರು ಒಂದು ಗೀಚು ಗೀಚಿದರೆ ಮಗು ಅದನ್ನು ಏನಾದರೊಂದು ಚಿತ್ರವಾಗಿ ಮಾಡಬೇಕು, ಆಮೇಲೆ ಮಗು ಗೀಚಿದ್ದನ್ನು ಇವರು. ಅದನ್ನೇ ನಾನು ಇಬ್ಬರು ಮಕ್ಕಳ ನಡುವೆ, ಮಾತಿಲ್ಲದೆ, ಒಬ್ಬರಿಗೊಂದು ಬಣ್ಣದಂತೆ ಆಡಿಸುತ್ತೇನೆ. ಮಾತಿನಲ್ಲಿ ಯಾವಾಗಲೂ ಮುಂದಿರುವ ಮಗುವೂ, ಬಾಯೇ ತೆರೆಯದ ಮಗುವೂ ಇಲ್ಲಿ ಸಮಾನರು. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಂತ ಮನೆಯಲ್ಲಿ ಅಣ್ಣತಂಗಿಯರ ನಡುವೆ ಒಮ್ಮೆ ಆಡಿಸಿ ನೋಡುವುದು ಒಳ್ಳೆಯದು.

ಜೇಡಿಮಣ್ಣಿಗೆ ನಮ್ಮ ಕಡೆ ಬೇರೆ ಪರಿಚಯ ಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು, ಎತ್ತು ಮಾಡಿ, ಅವುಗಳ ಮುಂದೆ ಮೇವು ಹಾಕುವ ಗ್ವಾದಲಿ ಮಾಡಿಡುವುದು ಉತ್ತರ ಕರ್ನಾಟಕದ ಮಕ್ಕಳಿಗೆ ಮನೆಯಲ್ಲೇ ಬರುವ ವಿದ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಹಾಡುವುದು ಹುಡುಗಿಯರ ಹಬ್ಬ. ಕಾಗದದ ಮುಂದೆ ತನಗೆ ಬರುವುದಿಲ್ಲ ಎಂದು ಹಿಂಜರಿಯುವ ಮಗು ಮಣ್ಣಿನ ಮುಂದೆ ಹಾಗೆ ಹೇಳುವುದನ್ನು ನಾನು ಕಂಡಿಲ್ಲ. ಸಿಟ್ಟಿನಲ್ಲಿರುವ ಮಗುವಿಗೆ ಮಣ್ಣನ್ನು ಗುದ್ದಿ ನಾದಲು ಅವಕಾಶವಿದೆ, ಮುರಿದದ್ದನ್ನು ಮತ್ತೆ ಉಂಡೆ ಮಾಡಬಹುದು. ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹದ ಬಲ್ಲವರನ್ನು ಕೇಳಲೇಬೇಕಾಗುತ್ತದೆ, ಆ ಹದ ಬಲ್ಲವರು ಎಷ್ಟೋ ಸಲ ಓದಿನಲ್ಲಿ ಹಿಂದಿರುವ ಮಕ್ಕಳೇ ಆಗಿರುತ್ತಾರೆ.

ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಚಿತ್ರ ಮತ್ತು ಕಥೆಗಳನ್ನು ಇನ್ನಷ್ಟು ಯೋಜಿಸಿ ಬಳಸುವ ಕ್ರಮಗಳಿವೆ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ಸೋಷಿಯಲ್ ಸ್ಟೋರಿ ಅವುಗಳಲ್ಲೊಂದು. ಒಂದು ಸನ್ನಿವೇಶದಲ್ಲಿ ಏನು ನಡೆಯುತ್ತದೆ, ಬೇರೆಯವರು ಏನೆಂದುಕೊಳ್ಳುತ್ತಾರೆ ಎಂಬುದನ್ನು ಆ ಮಗುವಿಗಾಗಿಯೇ ಬರೆದ ಪುಟ್ಟ ಸಚಿತ್ರ ಕಥೆ ಅದು. "ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ಹೊರಗೆ ಓಡುತ್ತಾರೆ. ಆಗ ತುಂಬ ಸದ್ದಾಗುತ್ತದೆ. ಸದ್ದು ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ನಾನು ಬಾಗಿಲ ಬಳಿ ನಿಂತು ಕಾಯಬಹುದು" ಎಂಬ ಧಾಟಿಯಲ್ಲಿ ಅದು ಇರಬೇಕು, ವಿವರಣೆ ಹೆಚ್ಚು, ಅಪ್ಪಣೆ ಕಡಿಮೆ. ಅವರದೇ ಇನ್ನೊಂದು ಕ್ರಮದಲ್ಲಿ ಕಡ್ಡಿಮನುಷ್ಯರನ್ನು ಬಿಡಿಸಿ, ಆಡಿದ ಮಾತಿಗೆ ಒಂದು ಗುಳ್ಳೆ, ಮನಸ್ಸಿನಲ್ಲಿದ್ದ ಮಾತಿಗೆ ಇನ್ನೊಂದು ಗುಳ್ಳೆ ಹಾಕುತ್ತಾರೆ. ಆಡಿದ್ದೂ ಅಂದುಕೊಂಡದ್ದೂ ಬೇರೆಯಾಗಿರಬಹುದು ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಮಗು ಹೆಸರು ಕರೆದರೆ ತಿರುಗದಿದ್ದರೆ, ಮಾತು ತಡವಾಗಿದ್ದರೆ, ಇಂಥ ಪುಸ್ತಕಗಳನ್ನು ನೆಚ್ಚಿ ಕೂರಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಶೀಘ್ರ ಪತ್ತೆ ಮತ್ತು ಆರೈಕೆಯ ಕೇಂದ್ರಗಳಿವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಅಂಗನವಾಡಿಯ ಕಾರ್ಯಕರ್ತೆಗೋ ಆಶಾ ಕಾರ್ಯಕರ್ತೆಗೋ ಹೇಳಿದರೆ ಮೊದಲ ದಾರಿ ಅವರೇ ತೋರಿಸುತ್ತಾರೆ.

ಹಾಗೆಯೇ, ಚಿತ್ರ ಬಿಡಿಸುತ್ತಾ ಮಗು ತನಗಾಗುತ್ತಿರುವ ಹಿಂಸೆಯ ಮಾತನ್ನು ಹೇಳಿಬಿಡಬಹುದು. ಆಗ ಚಿತ್ರಕ್ಕೆ ಅರ್ಥ ಹುಡುಕುವುದಾಗಲಿ, ಮಗುವಿನಿಂದ ಮತ್ತೆ ಮತ್ತೆ ಹೇಳಿಸುವುದಾಗಲಿ ಮಾಡಬಾರದು. ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯಿದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮಕ್ಕಳ ಸಹಾಯವಾಣಿ 1098 ಇದೆ. ಇಂಥ ಗುಂಪು ನಡೆಸಲು ಹೊರಟವರು ಇದನ್ನು ತಿಳಿಯದೆ ಬಳಪದ ಡಬ್ಬಿ ತೆರೆಯಬಾರದು ಎಂದೇ ನಾನು ಹೇಳುತ್ತೇನೆ.

ಬಹುಮಾನಗಳ ಬಗ್ಗೆಯೂ ಒಂದು ಮಾತು. ಗಾಂಧಿ ಜಯಂತಿಗೊಂದು, ಮಕ್ಕಳ ದಿನಾಚರಣೆಗೊಂದು ಚಿತ್ರಕಲಾ ಸ್ಪರ್ಧೆ ನಡೆಸಿ ಮೊದಲನೆಯವರು, ಎರಡನೆಯವರು ಎಂದು ಕರೆದ ಕೂಡಲೇ ಉಳಿದ ಮಕ್ಕಳು ತಮ್ಮ ಹಾಳೆಗಳನ್ನು ಮಡಚಿ ಹಿಂದೆ ಅಡಗಿಸಿಕೊಳ್ಳುತ್ತಾರೆ. ಪಕ್ಕದವರು ನೋಡಿಬಿಟ್ಟಾರು ಎಂದು ಕೈ ಅಡ್ಡ ಇಟ್ಟು ಬಿಡಿಸುವುದು ಅವರಿಗೆ ಅಭ್ಯಾಸವಾಗುತ್ತದೆ, ಕೂಡಿ ಮಾಡುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಅಡ್ಡಿ ನನಗೆ ಕಂಡಿಲ್ಲ. ನಮ್ಮಲ್ಲಿ ಸ್ಪರ್ಧೆಯಿಲ್ಲ. ಮಕ್ಕಳು ಗುಂಪಿನಲ್ಲಿ ಬಿಡಿಸಿದ ಚಿತ್ರಗಳಿಗೆ ತಾವೇ ಮಾತು ಹೇಳಿ, ನಾನು ಅವರ ಮಾತನ್ನು ಅವರಾಡಿದ ಹಾಗೆಯೇ ಬರೆದುಕೊಟ್ಟು, ದಾರದಿಂದ ಹೊಲಿದು ಪುಸ್ತಕ ಮಾಡುತ್ತೇವೆ. ಮನೆಗೆ ಯಾವುದು ಹೋಗಬೇಕು, ಗೋಡೆಗೆ ಯಾವುದು ಹೋಗಬೇಕು, ಯಾವುದನ್ನು ಯಾರಿಗೂ ತೋರಿಸಬಾರದು ಎಂಬುದನ್ನು ಬಿಡಿಸಿದ ಮಗುವೇ ಹೇಳುತ್ತದೆ.

ಇಷ್ಟೆಲ್ಲಕ್ಕೂ ಪುಸ್ತಕ ಬೇಕು, ಮತ್ತು ಈಗಿನ ದಿನಗಳಲ್ಲಿ ಅದು ಮೊದಲಿನಷ್ಟು ಕಷ್ಟವಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕಡಿಮೆ ಬೆಲೆಗೆ ಕನ್ನಡದಲ್ಲೂ ಚಿತ್ರಪುಸ್ತಕ ತರುತ್ತಿದೆ. 2015ರಲ್ಲಿ ಅದು ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಪುಸ್ತಕಗಳು ಮುಕ್ತ ಪರವಾನಗಿಯವು, ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಬಹುದು. ಚೆನ್ನೈನ ತೂಲಿಕಾ ಕನ್ನಡದಲ್ಲೂ ಪ್ರಕಟಿಸುತ್ತದೆ, ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಮಾಲೆಯಿದೆ. ಹಣದ ದಾರಿಯೂ ಇದೆ: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರವೂ ಸೇರಿರುತ್ತದೆ. 2020ರಲ್ಲಿ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾದ ಮೇಲೆ ಮಕ್ಕಳ ಸದಸ್ಯತ್ವ ಉಚಿತವಾಗಿ ಸಿಗುತ್ತಿದೆ. ಆದರೂ ನಾನು ಕಂಡ ಹಲವು ಗ್ರಂಥಾಲಯಗಳಲ್ಲಿ ಕಪಾಟಿನ ಬಹುಭಾಗ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಹೋಗಿರುತ್ತದೆ, ಚಿತ್ರಪುಸ್ತಕಗಳು ಹರಿಯಬಾರದೆಂದು ಬೀಗದೊಳಗಿರುತ್ತವೆ. ಚಿತ್ರಪುಸ್ತಕ ಹರಿಯಬೇಕು, ಹರಿದರೆ ಅಂಟಿಸಲು ಮಕ್ಕಳೇ ಕೂರುತ್ತಾರೆ.

ಇನ್ನೂ ಸಿಗದ ಪುಸ್ತಕಗಳ ಕೊರತೆ ನನ್ನನ್ನು ಕಾಡುತ್ತದೆ. ಕಬ್ಬು ಕಡಿಯಲು ಹೋಗುವ ಅಪ್ಪಅಮ್ಮನ ಜೊತೆ ವರ್ಷದಲ್ಲಿ ಕೆಲವು ತಿಂಗಳು ಊರು ಬಿಟ್ಟು, ಮರಳಿ ಬಂದಾಗ ತರಗತಿಯಲ್ಲಿ ಗೆಳೆಯರಿಲ್ಲದೆ ಕೂರುವ ಮಗು ನಮ್ಮ ಗುಂಪಿನಲ್ಲಿದೆ. ಕಿವಿ ಕೇಳಿಸದ, ಸನ್ನೆಯಲ್ಲಿ ಮಾತಾಡುವ ತಂಗಿಯನ್ನು ಕರೆದುಕೊಂಡು ಬರುವ ಅಣ್ಣನಿದ್ದಾನೆ. ಅವರ ಮನೆಯಂಥ ಮನೆ, ಅವರು ಆಡುವಂಥ ಕನ್ನಡ ಇರುವ ಚಿತ್ರಪುಸ್ತಕವನ್ನು ಹುಡುಕುತ್ತಲೇ ಇದ್ದೇನೆ. ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವವರೂ ಚಿತ್ರ ಬಿಡಿಸುವವರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇಂಥ ಮಕ್ಕಳ ಜೊತೆ ಕೆಲವು ಶನಿವಾರ ಕೂತು ಆಮೇಲೆ ಪುಸ್ತಕ ಮಾಡಿ. ಕೊನೆಯ ಪುಟದಲ್ಲಿ ನೀತಿಯನ್ನು ಮಾತ್ರ ಅಚ್ಚು ಹಾಕಿಸಬೇಡಿ.